ಮಾವ ಮನೆ ನೋಡಿ ಒಪ್ಪಿದ ಕಂಪನಿ

"ಮುನ್ನೂರ ಎಪ್ಪತ್ತೆರಡು ಮನೆ ನೋಡಿವ್ನಿ ಕಣಯ್ಯ. ನಾನು ಒಪ್ಪಿದ ಮನೆಯಿಂದ ಒಂದೇ ಒಂದು ಹೆಣ್ಣು ಪೆಟ್ಟಿಗೆ ಎತ್ಕಂಡು ವಾಪಸ್ ಬಂದದಾ, ಹೇಳು ನೋಡವಾ."

ಹೆಮ್ಮಿಗೆಯ ಗಂಗಾಧರಸ್ವಾಮಿಯವರು ಈ ಮಾತನ್ನು ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ ಮಾತ್ರೆ ನುಂಗಿದ ಹಾಗೆ, ತಪ್ಪದೆ ಹೇಳುತ್ತಿದ್ದರು. ಅವರಿಗೆ ಬೇರೆ ಕೆಲಸವಿರಲಿಲ್ಲವೆಂದಲ್ಲ. ಇದ್ದ ಕೆಲಸವನ್ನು ಮಾಡುವ ಅಭ್ಯಾಸವಿರಲಿಲ್ಲ. ನೆಂಟರಿಷ್ಟರ ಹೆಣ್ಣುಮಕ್ಕಳಿಗೆ ಎಲ್ಲಾದರೂ ಗಂಡು ಗೊತ್ತಾದರೆ ಆ ಗಂಡಿನ ಮನೆಗೆ ಹೋಗಿ, ಎರಡು ಹೊತ್ತು ಉಂಡು, ಹಿತ್ತಲು ಕೊಟ್ಟಿಗೆ ಎಲ್ಲ ಸುತ್ತಾಡಿ, "ಕೊಡಬೋದು" ಅಥವಾ "ಬ್ಯಾಡ" ಎಂದು ತೀರ್ಪು ಕೊಡುವುದೇ ಅವರ ಉದ್ಯೋಗ. ಅವರ ಮೂಗಿನ ಮಹಿಮೆಯ ಬಗ್ಗೆ ತಾಲ್ಲೂಕಿನಲ್ಲಿ ಎಷ್ಟೋ ಕಥೆಗಳಿದ್ದವು. ಹೆಮ್ಮಿಗೆಯ ಜಗಲಿಯಲ್ಲಿ ಕೂತು ಉಸಿರೆಳೆದರೆ ಸೋಸಲೆಯಲ್ಲಿ ಯಾರ ಮನೆಯ ತುಪ್ಪ ಹಳಸಿದೆಯೆಂದು ಹೇಳುತ್ತಾರಂತೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಸಾಲು ನೋಡಿಯೇ ಆ ಮನೆಯಲ್ಲಿ ಅತ್ತೆ ಜೋರೋ ಮಾವ ಜೋರೋ ತಿಳಿದುಬಿಡುತ್ತಾರಂತೆ. ಈ ಕಥೆಗಳನ್ನೆಲ್ಲ ಹೇಳುತ್ತಿದ್ದವರೂ ಅವರೇ.

ಒಂದೂ ಹೆಣ್ಣು ವಾಪಸ್ ಬರಲಿಲ್ಲ ಎನ್ನುವುದು ನಿಜ. ಅದಕ್ಕೆ ಮನೆಗಳು ಚೆನ್ನಾಗಿದ್ದುದೇ ಕಾರಣವೋ, ಬಂದರೆ ಈ ಮನುಷ್ಯನ ಮುಖ ನೋಡಬೇಕಲ್ಲ ಎಂಬ ಹೆದರಿಕೆ ಕಾರಣವೋ, ಆ ಹೆಣ್ಣುಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಇಂಥವರ ಸೋದರಸೊಸೆಯಾಗಿ ಹುಟ್ಟಿದವಳು ಹೆಡತಲೆಯ ಕಲ್ಲಯ್ಯನ ಮಗಳು ನಂದಿತಾ. ಬಾಳೆತೋಟದ ಮನೆ, ಮಾತು ಕಮ್ಮಿ, ಕಣ್ಣು ಚುರುಕು. ಚಿಕ್ಕವಳಿದ್ದಾಗಿನಿಂದ ಅವಳಿಗೊಂದು ಚಟ. ಮನೆಗೆ ಯಾರಾದರೂ ಲಗ್ನಪತ್ರಿಕೆ ತಂದುಕೊಟ್ಟರೆ ಅರಿಶಿನದ ಅಂಚು ಒಣಗುವ ಮೊದಲೇ ಅದರಲ್ಲಿ ನಾಲ್ಕು ತಪ್ಪು ಹುಡುಕಿ ಹೇಳುತ್ತಿದ್ದಳು. ಒಮ್ಮೆ ಮುಹೂರ್ತದ ತಾರೀಕೂ ವಾರವೂ ತಾಳೆಯಾಗುವುದಿಲ್ಲವೆಂದು ಹೇಳಿ, ಮುದ್ರಣವಾಗಿದ್ದ ಎಂಟುನೂರು ಪತ್ರಿಕೆಗಳನ್ನು ಒಲೆಗೆ ಹಾಕಿಸಿದ್ದಳು. ಆಮೇಲೆ ಊರಿನವರು ಅವಳಿಗೆ ಪತ್ರಿಕೆ ಕೊಡುವಾಗ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಅವರಪ್ಪನ ಕೈಗೆ ಕೊಟ್ಟು ಓಡುತ್ತಿದ್ದರು. ನಂಜನಗೂಡಿನಲ್ಲಿ ಟೈಪಿಂಗ್ ಕಲಿತಳು. ಅವಳು ಟೈಪ್ ಮಾಡುವಾಗ ಪಕ್ಕದ ಮನೆಯ ಹೆಂಚಿನ ಮೇಲೆ ಮಳೆ ಬಂತೆಂದು ಜನ ಒಣಹಾಕಿದ ಹಪ್ಪಳ ಎತ್ತಿಟ್ಟದ್ದುಂಟು. ಎರಡು ಸಾವಿರದ ಮೂರರಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಯಿತು.

ಅವಳಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಮಾಡಿದಷ್ಟು ಕೆಲಸಕ್ಕೆ ಮರ್ಯಾದೆ ಇರಬೇಕು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿ, ಅಂಚೆ ಮೂಲಕ ಕಟ್ಟಿದ್ದ ಡಿಗ್ರಿಗೆ ಎರಡು ಗಂಟೆ ಓದಿಕೊಳ್ಳುವಂತಿರಬೇಕು. ಅಂಥ ಒಂದು ಕಂಪ್ಯೂಟರ್ ಕಂಪನಿ ಎಲ್ಲಾದರೂ ಇದ್ದೀತೇ ಎಂದು ಕೇಳಿದಳು. ಕಲ್ಲಯ್ಯನಿಗೆ ಮಗಳನ್ನು ಕೆಲಸಕ್ಕೆ ಕಳಿಸುವುದು ಗೊತ್ತಿರಲಿಲ್ಲ. ಮದುವೆ ಮಾಡಿ ಕಳಿಸುವುದು ಮಾತ್ರ ಗೊತ್ತಿತ್ತು. ಗೊತ್ತಿದ್ದ ದಾರಿಯನ್ನೇ ಹಿಡಿದ. ಹೆಮ್ಮಿಗೆಗೆ ಹೇಳಿ ಕಳಿಸಿದ.

ಗಂಗಾಧರಸ್ವಾಮಿಯವರು ಬಿಳೀ ಪಂಚೆ, ಮೂರು ಬೆರಳಗಲ ವಿಭೂತಿ, ಕಂಕುಳಲ್ಲಿ ಛತ್ರಿಯೊಂದಿಗೆ ಐಟಿ ಕ್ಷೇತ್ರವನ್ನು ಪ್ರವೇಶಿಸಿದರು.

ಮೊದಲು ನೋಡಿದ್ದು ಟಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ಹನ್ನೆರಡು ಕುರ್ಚಿಯ ಒಂದು ಕಂಪನಿ. ಪರದೇಶದ ವಿಜ್ಞಾನ ಪತ್ರಿಕೆಗಳಿಗೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಿ, ತಪ್ಪು ತಿದ್ದಿ ಕಳಿಸುವುದು ಅಲ್ಲಿನ ಕೆಲಸ. ನಡೆಸುತ್ತಿದ್ದವರು ಸೋಸಲೆಯ ರಘೂತ್ತಮ, ಐವತ್ತೈದು ದಾಟಿದ ಮನುಷ್ಯ. ಅಲ್ಲಿಂದ ಮಾವ ನೇರವಾಗಿ ಹೆಡತಲೆಗೆ ಬಂದು, ಒಂದು ಚೊಂಬು ನೀರು ಕುಡಿದು, ತೀರ್ಪು ಹೇಳಿದರು.

"ಬ್ಯಾಡ ಬಾವ. ಮನೆಯೇ ಅಲ್ಲ ಅದು. ನಾನು ಒಳಕ್ಕೋದ್ರೆ ಯಜಮಾನ ಕುರ್ಚಿಯಿಂದ ಏಳ್ನಿಲ್ಲ. ಯಾವೂರು, ಯಾರ ಕಡೆಯೋರು, ಒಂದೂ ಕೇಳ್ನಿಲ್ಲ, 'ಏನ್ ಬೇಕಿತ್ತು' ಅಂದ. ಹೆಣ್ಮಕ್ಳು ಚಪ್ಲಿ ಮೆಟ್ಕಂಡೇ ಒಳಗೆ ಕುಂತವ್ರೆ. ಗೋಡೆ ಮ್ಯಾಲೆ ಒಂದು ದೇವರ ಪಟ ಇಲ್ಲ, ಗಡಿಯಾರ ಒಂದದೆ. ಐದೂವರೆ ಆಯ್ತು, ನಾನಿನ್ನೂ ಮಾತಾಡ್ತಾವ್ನಿ, ಎಲ್ಲಾರೂ ಎದ್ದು ಹೊರಟೇ ಹೋದ್ರು. ಯಜಮಾನನ ಅಪ್ಪಣೆ ಕೇಳ್ನಿಲ್ಲ. ಆವಯ್ಯನೂ ಬೀಗ ತಕಂಡು ಎದ್ದ, ನನ್ನ ಮುಖ ನೋಡ್ದ, ಫ್ಯಾನ್ ಆರಿಸ್ದ."

ಫ್ಯಾನ್ ಆರಿಸಿದ ಅವಮಾನ ಗಂಗಾಧರಸ್ವಾಮಿಯವರನ್ನು ಒಂದು ವಾರ ಬೆವರಿಸಿತು.

ಎರಡನೆಯದು ನಂಜನಗೂಡಿನದು. ನಂಜುಂಡೇಶ್ ಎಂಬಾತನ ತಂದೆ ತಮ್ಮ ಕಾಲದಲ್ಲಿ ಒಂದು ಕಲ್ಯಾಣಮಂಟಪ ಕಟ್ಟಿಸಿದ್ದರು. ಊರಿಗೆ ಹೊಸ ಛತ್ರಗಳು ಬಂದ ಮೇಲೆ ಇದರಲ್ಲಿ ಮದುವೆಯಾಗಲು ಪಾರಿವಾಳಗಳು ಮಾತ್ರ ಒಪ್ಪುತ್ತಿದ್ದವು. ನಂಜುಂಡೇಶ್ ಬೆಂಗಳೂರಿಗೆ ಹೋಗಿ, ಹೋಟೆಲಿನಲ್ಲಿ ನಡೆದ ಮೂರು ದಿನದ ಮ್ಯಾನೇಜ್‌ಮೆಂಟ್ ಶಿಬಿರದಲ್ಲಿ ಕೂತು, ಒಂದು ಟೈ ಮತ್ತು 'ಫ್ಯಾಮಿಲಿ' ಎಂಬ ಒಂದು ಪದ ತೆಗೆದುಕೊಂಡು ವಾಪಸ್ ಬಂದ. ಟೈ ಕೆಲವು ದಿನಕ್ಕೆ ಹರಿಯಿತು, ಪದ ಮಾತ್ರ ಹರಿಯಲೇ ಇಲ್ಲ. ಮಂಟಪದ ಊಟದ ಹಾಲಿನಲ್ಲಿ ಎಲೆ ಹಾಕುತ್ತಿದ್ದ ಉದ್ದನೆಯ ಕಡಪ ಕಲ್ಲಿನ ಮೇಜುಗಳ ಮೇಲೆ ಎರಡು ಸಾಲಾಗಿ ಇಪ್ಪತ್ತನಾಲ್ಕು ಕಂಪ್ಯೂಟರ್ ಇಟ್ಟು, ಊರಿನ ಪುರಾಣದ ಹೆಸರು ಹಿಡಿದು 'ಗರಳಪುರಿ ಗ್ಲೋಬಲ್ ಡೇಟಾ' ಎಂದು ಬೋರ್ಡು ಬರೆಸಿದ. ಒಂದೇ ಕೋಟು ಬಣ್ಣ ಹೊಡೆಸಿದ್ದರಿಂದ ಅದರ ಕೆಳಗೆ 'ಎಂಜಲೆಲೆಗಳನ್ನು ತೊಟ್ಟಿಯಲ್ಲೇ ಹಾಕಿ' ಎಂಬ ಹಳೇ ಅಕ್ಷರಗಳು ಈಗಲೂ ಓದಲು ಬರುತ್ತಿದ್ದವು. ಅಮೆರಿಕದ ಊರುಗಳ ದಪ್ಪ ದಪ್ಪ ಟೆಲಿಫೋನ್ ಪುಸ್ತಕಗಳಿಂದ ಹೆಸರು, ವಿಳಾಸ ನೋಡಿ ಕಂಪ್ಯೂಟರಿಗೆ ಹೊಡೆಯುವುದು ಅಲ್ಲಿನ ಕೆಲಸ.

ಮಾವ ಗೇಟಿನ ಹತ್ತಿರ ಬಂದಾಗಲೇ ನಂಜುಂಡೇಶ್ ಓಡಿ ಬಂದು ಕಾಲಿಗೆ ಬಿದ್ದ. ಯಾವೂರು, ಯಾವ ಮಠದವರು, ಯಾರ ಬೀಗರು ಎಂದೆಲ್ಲ ಮುಕ್ಕಾಲು ಗಂಟೆ ವಿಚಾರಿಸಿ, ಕೊನೆಗೆ ದೂರದ ನೆಂಟಸ್ತನವನ್ನೂ ಹುಡುಕಿ ತೆಗೆದ. ಬಾಗಿಲಲ್ಲಿ ಚಪ್ಪಲಿಗಳು ಪೊಲೀಸ್ ಪೆರೇಡಿನಂತೆ ನಿಂತಿದ್ದವು. ಒಳಬಾಗಿಲಿನ ಪಕ್ಕ ಕುರ್ಚಿ ಹಾಕಿಕೊಂಡು, ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು, ನಂಜುಂಡೇಶನ ತಾಯಿ ಮಲ್ಲಾಜಮ್ಮ ಕೂತಿದ್ದರು. ಮಗ ತಾಯಿಯ ಮುಂದೆ ದನಿ ಎತ್ತಲಿಲ್ಲ. ನೀರು ಕೊಟ್ಟ ಚೊಂಬು ಥಳಥಳ ಹೊಳೆಯುತ್ತಿತ್ತು. ಕೊಟ್ಟಿಗೆ ನೋಡಿ ಅಭ್ಯಾಸವಾದ ಮಾವ ಕಂಪ್ಯೂಟರುಗಳನ್ನೂ ಒಂದೊಂದಾಗಿ ಹಿಂದಿನಿಂದ ನೋಡಿ, ಬೆನ್ನು ತಡವಿ, ಇವುಗಳಲ್ಲಿ ತಕರಾರು ಮಾಡುವುದು ಯಾವುದೆಂದು ಕೇಳಿದರು. ಎಲ್ಲವೂ ಸಾಧುವೆಂದು ನಂಜುಂಡೇಶ್ ಹೇಳಿದ.

ಮಾವನ ಕಣ್ಣಲ್ಲಿ ನೀರು ತರಿಸಿದ್ದು ಮಧ್ಯಾಹ್ನದ ಊಟ. ಆಗ ಅಲ್ಲಿದ್ದ ಇಪ್ಪತ್ತಮೂರು ಜನವೂ ಪಡಸಾಲೆಯಲ್ಲಿ ಸಾಲಾಗಿ ಕೂತು ಬುತ್ತಿ ಬಿಚ್ಚಿ ಉಂಡರು. ಉಂಡು ಮುಗಿಸಿದವರು ಕೈ ಒಣಗಿಸಿಕೊಂಡು ಹಾಗೇ ಕೂತಿದ್ದರೇ ಹೊರತು ಪಂಕ್ತಿಯಲ್ಲಿ ಕೊನೆಯವನು ಮುಗಿಸಿ ಮಲ್ಲಾಜಮ್ಮ ಏಳುವ ತನಕ ಒಬ್ಬರೂ ಅಲುಗಾಡಲಿಲ್ಲ. ನಮ್ಮಲ್ಲಿ ಕೆಲಸದಲ್ಲೂ ಇದೇ ಪದ್ಧತಿ ಎಂದು ನಂಜುಂಡೇಶ್ ಹೆಮ್ಮೆಯಿಂದ ಹೇಳಿದ. ಹಾಗೆಂದರೇನೆಂದು ಕೇಳುವ ಬುದ್ಧಿ ಮಾವನಿಗೆ ಬರಲಿಲ್ಲ, ಹೊಟ್ಟೆ ತುಂಬಿತ್ತು.

"ಕೊಡಬೋದು," ಎಂದರು ಹೆಡತಲೆಗೆ ಬಂದು. "ಕಂಪನಿ ಅಲ್ಲ ಬಾವ ಅದು, ಕೂಡುಕುಟುಂಬ."

ಕೆಲಸಕ್ಕೆ ಸೇರುವವರ ಮಾರ್ಕ್ಸ್ ಕಾರ್ಡುಗಳ ಒರಿಜಿನಲ್ ಕಂಪನಿಯ ಬೀರುವಿನಲ್ಲೇ ಭದ್ರವಾಗಿರುತ್ತದೆ ಎಂದು ನಂಜುಂಡೇಶ್ ಹೇಳಿಕಳಿಸಿದ್ದ. ಜೆರಾಕ್ಸ್ ಕೊಟ್ಟರೆ ಸಾಲದೇ ಎಂದು ನಂದಿತಾ ಕೇಳಿದಳು. ಹೆಣ್ಣು ಕೊಡುವಾಗ ಜೆರಾಕ್ಸ್ ಕೊಡುತ್ತಾರೆಯೇ ಎಂದು ಮಾವ ಗದರಿಸಿದರು. ಒಂದು ಸೋಮವಾರ, ಒಳ್ಳೇ ಗಳಿಗೆ ನೋಡಿ, ಬೆಳ್ಳಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಒಂದು ಚಿಪ್ಪು ರಸಬಾಳೆ, ಅದರ ಮೇಲೆ ನಂದಿತಾಳ ಎಂಟು ಮಾರ್ಕ್ಸ್ ಕಾರ್ಡುಗಳನ್ನಿಟ್ಟು, ಎಲ್ಲದರ ಮೂಲೆಗೂ ಅರಿಶಿನ ಕುಂಕುಮ ಹಚ್ಚಿ, ಮಲ್ಲಾಜಮ್ಮನವರ ಕೈಗಿತ್ತರು. "ನಮ್ಮ ಕೂಸನ್ನ ನಿಮ್ಮ ಮಡ್ಲಿಗೆ ಹಾಕಿವ್ನಿ, ತಾಯಿ" ಎಂದರು. ಮಲ್ಲಾಜಮ್ಮ ಬಾಳೆಹಣ್ಣು ಒಳಗೆ ಕಳಿಸಿ, ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಐದನೇ ಸೆಮಿಸ್ಟರಿನ ಗಣಿತದ ಅಂಕದ ಮೇಲೆ ಕುಂಕುಮ ಹರಡಿ, ಎಪ್ಪತ್ತೊಂದು ಎಪ್ಪತ್ತೇಳಾಗಿ ಕಾಣುತ್ತಿತ್ತು. ಆ ದಿನ ನಂದಿತಾಳಿಗೆ ಆದ ಒಂದೇ ಲಾಭ ಅದು.

ಕೆಲಸದ ಪದ್ಧತಿ ಏನೆಂದು ಮೊದಲನೇ ಸಂಜೆಯೇ ಗೊತ್ತಾಯಿತು. ಐದೂವರೆಗೆ ಅವಳು ಪುಸ್ತಕ ಮುಚ್ಚಿ ಎದ್ದಳು. ಬಾಗಿಲ ಪಕ್ಕದಿಂದ ಮಲ್ಲಾಜಮ್ಮ ಹೆಸರು ಹಿಡಿದು ಕೂಗಿದರು.

"ನಂದಿತಾ, ಪಂಕ್ತೀಲಿ ಬೇರೇವ್ರು ಉಣ್ತಾ ಇರೋವಾಗ ಎಲೆ ಬುಟ್ಟು ಏಳ್ತಾರಾ ಕೂಸೇ?"

ಸಾಲಿನಲ್ಲಿ ಕೊನೆಯವನು ಆ ದಿನದ ಪುಟ ಮುಗಿಸುವ ತನಕ ಯಾರೂ ಏಳುವಂತಿಲ್ಲ. ನಂದಿತಾಳ ಸಾಲಿನ ಕೊನೆಯಲ್ಲಿ ಕೂತಿದ್ದವನು ಮದನ್, ನಂಜುಂಡೇಶನ ಹೆಂಡತಿಯ ತಮ್ಮ. ಅವನು ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದ. ಒಂದೊಂದು ಅಕ್ಷರವನ್ನೂ ತಪ್ಪಿಸಿಕೊಂಡ ಕರುವನ್ನು ಹುಡುಕುವಂತೆ ಕೀಲಿಮಣೆಯ ತುಂಬ ಹುಡುಕುತ್ತಿದ್ದ. ಅವನು ಒಂದು ವಿಳಾಸ ಹೊಡೆದು ಮುಗಿಸುವಷ್ಟರಲ್ಲಿ ಅಮೆರಿಕದಲ್ಲಿ ಆ ವಿಳಾಸದವರು ಮನೆ ಬದಲಾಯಿಸಿಬಿಟ್ಟಿರುತ್ತಿದ್ದರು. ಉಳಿದ ಹನ್ನೊಂದು ಜನ ಕೈಕಟ್ಟಿ ಅವನ ಬೆರಳನ್ನೇ ನೋಡುತ್ತ ಕೂರುವರು. ಕೂತವರು ಸುಮ್ಮನಿರಬಾರದೆಂದು ನಂಜುಂಡೇಶ್ ನಾಳೆಯ ಪುಟಗಳನ್ನು ತಂದು ಮುಂದಿಡುವನು. ಏಳೂಮುಕ್ಕಾಲಿಗೆ ಹೆಡತಲೆ ಕಡೆಯ ಕೊನೇ ಬಸ್ಸು. ಅದರ ಹಿಂದೆ ಓಡುವ ವಿದ್ಯೆಯಲ್ಲಿ ನಂದಿತಾ ಎಷ್ಟು ಪಳಗಿದಳೆಂದರೆ ಕಂಡಕ್ಟರ್ ಅವಳನ್ನು ನೋಡಿಯೇ ಬಸ್ಸು ಹೊರಟಿತೆಂದು ತಿಳಿಯುತ್ತಿದ್ದ. ಡಿಗ್ರಿಯ ಪುಸ್ತಕ ಮನೆಯ ಗೂಡಿನಲ್ಲಿ ಬಿದ್ದಿತ್ತು. ಅದಕ್ಕೆ ಹಿಡಿದ ಹುಳು ಮೂರನೇ ಅಧ್ಯಾಯದ ತನಕ ಹೋಗಿತ್ತು. ನಂದಿತಾ ಇನ್ನೂ ಮುನ್ನುಡಿಯಲ್ಲೇ ಇದ್ದಳು.

ಇದರ ಮೇಲೆ ಕುಟುಂಬದ ಸುಖಗಳು ಬೇರೆ. ಕರೆಂಟು ಹೋದರೆ ಮಲ್ಲಾಜಮ್ಮ ಒಂದು ಮಂಕರಿ ಅವರೆಕಾಯಿ ತರಿಸಿ ಮೇಜಿನ ಮೇಲೆ ಸುರಿಸುತ್ತಿದ್ದರು. ಇಪ್ಪತ್ತನಾಲ್ಕು ಜನ ಡಿಪ್ಲೊಮಾದವರೂ ಬಿಎಸ್ಸಿಯವರೂ ಕೂತು ಸುಲಿಯಬೇಕು. ನಂಜುಂಡೇಶ್ ಇದಕ್ಕೆ ಟೀಮ್ ಬಿಲ್ಡಿಂಗ್ ಎಂದು ಹೆಸರಿಟ್ಟಿದ್ದ. ಆ ವರ್ಷದ ಅವರೆ ಕಾಲದಲ್ಲಿ ಕರೆಂಟು ಎಷ್ಟು ಸಲ ಹೋಯಿತೆಂದರೆ, ಮೇನ್ ಸ್ವಿಚ್ಚು ಮಲ್ಲಾಜಮ್ಮನವರ ಕುರ್ಚಿಯ ಹಿಂದೆಯೇ ಇದೆ ಎಂಬುದು ಎಲ್ಲರ ಗಮನಕ್ಕೂ ಬಂತು. ತಿಂಗಳಿಗೊಂದು ಭಾನುವಾರ ಕುಟುಂಬ ಸಮ್ಮಿಲನ. ಅಂದು ನಂಜುಂಡೇಶ್ ಕಂಪನಿಯ ಸಂಸ್ಕೃತಿಯ ಬಗ್ಗೆ ಎರಡು ಗಂಟೆ ಮಾತಾಡುವನು. ಅವನ ಮಗನ ನಾಮಕರಣದಲ್ಲಿ ನಂದಿತಾ ನಾನೂರು ಎಲೆಗೆ ಪಲ್ಯ ಬಡಿಸಿದಳು. ಮನೆ ಮಗಳಲ್ಲವೇ ಎಂದು ನಂಜುಂಡೇಶ್ ಬಂದವರಿಗೆಲ್ಲ ತೋರಿಸಿದ. ಊಟ ಅವಳಿಗೆ ಉಳಿಯಲಿಲ್ಲ.

ಬಿಡುವುದಾದರೂ ಹೇಗೆ? ಒರಿಜಿನಲ್ ಕಾರ್ಡು ಇಲ್ಲದೆ ಬೇರೆಲ್ಲೂ ಸೇರಿಸಿಕೊಳ್ಳುವುದಿಲ್ಲ. ಅದಿದ್ದ ಬೀರುವಿನ ಬೀಗದ ಕೈ ಮಲ್ಲಾಜಮ್ಮನ ಸೊಂಟದ ಗೊಂಚಲಿನಲ್ಲಿತ್ತು. ಅಲ್ಲಿದ್ದ ಇಪ್ಪತ್ತನಾಲ್ಕು ಜನರಲ್ಲಿ ಇಪ್ಪತ್ತಮೂರು ಜನರನ್ನು ಆ ಕುಟುಂಬಕ್ಕೆ ಕಟ್ಟಿಹಾಕಿದ್ದ ಪ್ರೀತಿ ಅಷ್ಟೇ. ಮದನನಿಗೆ ಕಾರ್ಡು ಇರಲೇ ಇಲ್ಲ.

ಎಂಟು ತಿಂಗಳು ಕಳೆದ ಮೇಲೆ ಮಾವ ಹೆಡತಲೆಗೆ ಬಂದರು. ಯಾರೋ ಹೊಸ ನೆಂಟರಿದ್ದರು. ಹೊಸ ಕಿವಿ ಸಿಕ್ಕಿದ್ದೇ ತಡ, ತಮ್ಮ ಮೂಗು ಐಟಿಯಲ್ಲೂ ಹೇಗೆ ಕೆಲಸ ಮಾಡಿತೆಂದು ವರ್ಣಿಸಲು ಕೂತರು. ನರಸೀಪುರದ ಆ ಕೆಟ್ಟ ಕಂಪನಿಯನ್ನು ಮತ್ತೆ ತೆಗೆದು, ಇನ್ನೂ ನಾಲ್ಕು ಬಣ್ಣ ಬಳಿದರು. ಯಜಮಾನ ಏಳಲಿಲ್ಲ, ಊರು ಕೇಳಲಿಲ್ಲ, ಗಡಿಯಾರ ಒಂದಿತ್ತು, ಐದೂವರೆಗೆ ಎದ್ದು ಹೋದರು. ಉಪ್ಪಿಟ್ಟು ಬಡಿಸುತ್ತಿದ್ದ ನಂದಿತಾಳ ಸೌಟು ಗಾಳಿಯಲ್ಲೇ ನಿಂತಿತು. ಮೊದಲ ಸಲ ಕೇಳಿದಾಗ ಅದು ಬೈಗುಳದಂತೆ ಕೇಳಿಸಿತ್ತು. ಈಗ ಕೇಳಿದರೆ ಯಾರೋ ಸ್ವರ್ಗದ ದಾರಿ ಹೇಳುತ್ತಿರುವ ಹಾಗಿತ್ತು.

"ಮಾವ, ಐದೂವರೆಗೆ ಎಲ್ಲಾರೂವಾ?"

"ಎಲ್ಲಾರೂ ಕಣವ್ವ. ಕಸ ಗುಡ್ಸೋಳೂ ಹೋದ್ಲು."

ಮಾರನೇ ದಿನ ರಜ ಕೇಳಿದಳು. ಜ್ವರಕ್ಕೆ ಅಲ್ಲಿ ರಜ ಇರಲಿಲ್ಲ. ಮಲ್ಲಾಜಮ್ಮ ಕಷಾಯ ಕುಡಿಸಿ ಕೂರಿಸುತ್ತಿದ್ದರು. ಗಂಡು ನೋಡುವ ಶಾಸ್ತ್ರವೆಂದರೆ ಮಾತ್ರ ಅವರ ಮನಸ್ಸು ಕರಗುತ್ತಿತ್ತು. ಹಾಗೆಂದೇ ಹೇಳಿದಳು. ಗಂಡು ಎಲ್ಲಿಯವನೆಂದರೆ ತಿರುಮಕೂಡಲಿನ ಕಡೆಯವರು ಎಂದಳು, ಹೇಗಿದ್ದಾನೆಂದರೆ ನೋಡಿ ಬಂದು ಹೇಳುತ್ತೇನೆ ಎಂದಳು. ಸುಳ್ಳು ಅದರಲ್ಲಿ ಅರ್ಧದಷ್ಟೂ ಇರಲಿಲ್ಲ.

ನರಸೀಪುರದ ಆ ಬೀದಿಗೆ ಹೋದವಳು ನೇರವಾಗಿ ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕಸ ಗುಡಿಸುವ ಚನ್ನಾಜಮ್ಮ ಬುತ್ತಿ ಬಿಚ್ಚಿ ಉಣ್ಣುತ್ತಿದ್ದಳು. ಅವಳ ಪಕ್ಕದಲ್ಲಿ ಕೂತಳು. ಮುನ್ನೂರ ಎಪ್ಪತ್ತೆರಡು ಮನೆ ನೋಡಿದ ಮಾವ ಯಾವ ಮನೆಯಲ್ಲೂ ಮುಸುರೆ ತಿಕ್ಕುವವಳನ್ನು ಮಾತಾಡಿಸಿರಲಿಲ್ಲ.

"ಯಜಮಾನ್ರು ಹೆಂಗವ್ವ?"

"ಮಾತಾಡಾಕಿಲ್ಲ ಕಣವ್ವ. ಒಂದು ದಿನ ನಾಕು ಮಾತು ಜಾಸ್ತಿ ಆಡುದ್ರು, ಜ್ವರ ಬಂದಿತ್ತು. ಒಂದನೇ ತಾರೀಕು ಸಂಬಳ, ಭಾನ್ವಾರ ಬೀಗ. ನಂಗೂ ಕುರ್ಚಿ ಅದೆ ಒಳಗೆ, ನಾನೇ ಇಲ್ಲಿ ಗಾಳಿ ಅಂತ ಕುಂತಿವ್ನಿ."

ಒಳಗೆ ಹೋದಳು. ರಘೂತ್ತಮ ಕುರ್ಚಿಯಿಂದ ಏಳಲಿಲ್ಲ. ಏನು ಬೇಕಿತ್ತು ಎಂದರು. ಕೆಲಸ ಎಂದಳು. ಒಂದು ಅಚ್ಚಾದ ಪುಟ ಮತ್ತು ಕೆಂಪು ಪೆನ್ನು ತಳ್ಳಿ, ಕಾಲು ಗಂಟೆ ಕೊಟ್ಟರು. ಅವಳು ಏಳು ನಿಮಿಷಕ್ಕೆ ವಾಪಸ್ ತಳ್ಳಿದಳು. ಅವರು ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿದರು.

"ಹನ್ನೊಂದು ತಪ್ಪು ಹಿಡಿದಿದ್ದೀರಿ. ನಾನು ಹಾಕಿದ್ದು ಒಂಬತ್ತು. ಇನ್ನೆರಡು ಲಂಡನ್ನಿನವರದೇ ಇರಬೇಕು." ಆಮೇಲೆ, ಆ ವಾರಕ್ಕೆ ಇಟ್ಟುಕೊಂಡಿದ್ದ ಮಾತೆಲ್ಲ ಒಟ್ಟಿಗೆ ಖರ್ಚು ಮಾಡುವವರಂತೆ ಹೇಳಿದರು: "ಬರೋ ಸೋಮವಾರ ಬನ್ನಿ. ಒರಿಜಿನಲ್ ಮಾರ್ಕ್ಸ್ ಕಾರ್ಡು ತನ್ನಿ, ನೋಡಿ ಕೈಗೆ ಕೊಟ್ಟುಬಿಡ್ತೀನಿ. ಬರದಿದ್ರೆ ಮಂಗಳವಾರ ಇನ್ನೊಬ್ಬರು ಕಾದಿದಾರೆ."

ಬನ್ನಿ ಎಂದದ್ದು ತನಗೇ ಎಂದು ನಂದಿತಾಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು; ಹಿಂದೆ ತಿರುಗಿ ನೋಡಿದಳು. ಅಲ್ಲೇ ಐದೂವರೆಯ ತನಕ ಒಂದು ಮೂಲೆಯಲ್ಲಿ ಕೂತಿದ್ದಳು, ಕಣ್ಣಾರೆ ನೋಡಿಯೇ ಹೋಗೋಣವೆಂದು. ನಿಮಿಷದ ಮುಳ್ಳು ಆರರ ಮೇಲೆ ಬಂದದ್ದೇ ಹನ್ನೆರಡು ಕುರ್ಚಿಗಳೂ ಹಿಂದೆ ಸರಿದವು. ಎರಡು ಬಸ್ಸು ಬದಲಾಯಿಸಿ ಹೆಡತಲೆಯಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಪಕ್ಕದ ನಂಜನಗೂಡಿನಿಂದ ಎಂಟೂವರೆಗೆ ಬರುತ್ತಿದ್ದವಳು ಅದರ ಎರಡರಷ್ಟು ದೂರದಿಂದ ಒಂದೂವರೆ ಗಂಟೆ ಮುಂಚೆ ಬಂದಿದ್ದಳು. ಗೂಡಿನಿಂದ ಪುಸ್ತಕ ತೆಗೆದು, ಹುಳುವನ್ನು ಕೊಡವಿದಳು.

ಮಾರನೇ ದಿನ ಕಾರ್ಡು ಕೇಳಿದಳು. ಅಂದು ಮಂಗಳವಾರ, ಮನೆಯಿಂದ ವಸ್ತು ಹೊರಗೆ ಕೊಡುವುದಿಲ್ಲ ಎಂದರು ಮಲ್ಲಾಜಮ್ಮ. ಬುಧವಾರ ಬೀರುವಿನ ಬೀಗ ಹಿಡಿದುಕೊಂಡಿತು. ಗುರುವಾರ ನಂಜುಂಡೇಶ್ ಊರಲ್ಲಿರಲಿಲ್ಲ, ಅಂದರೆ ಮಹಡಿಯ ಮೇಲಿದ್ದ. ಶುಕ್ರವಾರ ಲಕ್ಷ್ಮಿ ಹೊಸಿಲು ದಾಟಬಾರದು. ಇನ್ನು ಉಳಿದದ್ದು ಶನಿವಾರ ಒಂದು. ತಟ್ಟೆಯಲ್ಲಿಟ್ಟು ಕೊಟ್ಟವರು ಬಂದು ಕೇಳಿದರೆ ನೋಡೋಣ, ಮಕ್ಕಳ ಕೈಗೆ ಕೊಡುವಂಥದ್ದಲ್ಲ ಎಂದು ಮಲ್ಲಾಜಮ್ಮ ಅಂದದ್ದರಿಂದ ನಂದಿತಾ ಹೆಮ್ಮಿಗೆಗೆ ಫೋನು ಮಾಡಿಸಿದಳು.

ಗಂಗಾಧರಸ್ವಾಮಿಯವರು ಬಂದರು. ಕಾರ್ಡು ಕೇಳಲು ಬಂದರೋ, ಸೊಸೆಗೆ ಬುದ್ಧಿ ಹೇಳಲು ಬಂದರೋ ಅವರಿಗೇ ಸ್ಪಷ್ಟವಿರಲಿಲ್ಲ. ತಾಂಬೂಲ ಕೊಟ್ಟು ಒಪ್ಪಿಸಿ, ತಟ್ಟೆ ವಾಪಸ್ ಕೇಳುವುದೆಂದರೆ ಸಂಬಂಧ ಮುರಿದ ಹಾಗೆ. ಇಷ್ಟು ವರ್ಷದ ಲೆಕ್ಕಕ್ಕೆ ಕಪ್ಪುಚುಕ್ಕೆ. ನಂಜುಂಡೇಶ್ ಮತ್ತೆ ಕಾಲಿಗೆ ಬಿದ್ದ, ಕಾಫಿ ತರಿಸಿದ, ನಾಲ್ಕು ಕೋಡುಬಳೆ ಇಟ್ಟ. ಮೂರನೇ ಕೋಡುಬಳೆಯ ಹೊತ್ತಿಗೆ ಮಾವ ಆ ಕಡೆಯವರಾಗಿದ್ದರು. ಉಳಿದ ಇಪ್ಪತ್ತಮೂರು ಜನ ಟೈಪ್ ಮಾಡುತ್ತಲೇ ಕಿವಿ ಇತ್ತ ಕೊಟ್ಟಿದ್ದರು. ನಂದಿತಾ ನಿಂತೇ ಇದ್ದಳು.

"ಏನು ಕಮ್ಮಿ ಮಾಡಿದೀವಿ ನೀವೇ ಹೇಳಿ ಸ್ವಾಮಿ," ಎಂದ ನಂಜುಂಡೇಶ್. "ಇವಳು ಈ ಮನೆ ಮಗಳು. ಇಲ್ಲಿ ಕೂತಿರೋ ಅಷ್ಟೂ ಜನ ಈ ಮನೆ ಮಕ್ಕಳೇ. ಮಗಳ ಕಾಗದ ತವರಲ್ಲಿದ್ರೆ ಅದಕ್ಕೇನು ಕಾಲು ಬರುತ್ತಾ?"

"ಅದೂ ಸರಿಯೇ ಅನ್ನು," ಎಂದರು ಮಾವ, ಕೋಡುಬಳೆ ಮುರಿಯುತ್ತ.

"ಸಾ, ನಾನು ಈ ಮನೆ ಮಗಳು ಅನ್ನೋದು ನಿಜವಾ?" ಎಂದು ನಂದಿತಾ ಕೇಳಿದಳು.

"ನಂಜುಂಡೇಶ್ವರನಾಣೆಗೂ."

"ಆಮೇಲೆ ಇಲ್ಲ ಅನ್ನಬಾರ್ದು."

"ಅನ್ನಲ್ಲಮ್ಮ."

"ಹಂಗಾದ್ರೆ ಹೆಣ್ಮಕ್ಕಳಿಗೂ ಆಸ್ತೀಲಿ ಸಮಪಾಲು ಅಂತ ಕಾನೂನು ಬಂದು ಹತ್ತು ವರ್ಷ ಆಯ್ತು ಸಾ. ಈ ಮಂಟಪದಲ್ಲಿ ನನ್ನ ಪಾಲು ಎಲ್ಲಿಂದ ಎಲ್ಲಿಗಂಟ ಅಂತ ಬರ್ದುಕೊಡಿ. ಅದು ಕೈಗೆ ಬರೋಗಂಟ ನನ್ನ ಮಾರ್ಕ್ಸ್ ಕಾರ್ಡು ಇಲ್ಲೇ ಇರ್ಲಿ. ಇವರೆಲ್ಲಾರ್ದೂ ಇರ್ಲಿ."

ಇಪ್ಪತ್ತಮೂರು ಕೀಲಿಮಣೆಗಳೂ ಒಟ್ಟಿಗೆ ನಿಂತವು. ಹಿಂದಿನ ಸಾಲಿನಿಂದ ಯಾರೋ, ತಮಗೆ ಅಡುಗೆಮನೆ ಕಡೆಯದು ಬಂದರೂ ಪರವಾಗಿಲ್ಲ ಎಂದರು. ಇನ್ನೊಬ್ಬರು ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳತೆ ಹಾಕತೊಡಗಿದರು. ಮದನನೂ ತಾನು ಭಾಮೈದನೋ ಮಗನೋ ಎಂದು ಮೊದಲ ಬಾರಿಗೆ ಗಂಭೀರವಾಗಿ ಯೋಚಿಸಿದ.

ನಂಜುಂಡೇಶ್ ತಾಯಿಯ ಕಡೆ ತಿರುಗಿದ. ಮಲ್ಲಾಜಮ್ಮ ಆಗಲೇ ಎದ್ದಿದ್ದರು. ಅವರ ಸ್ವಂತ ಹೆಣ್ಣುಮಕ್ಕಳು ಇಬ್ಬರಿದ್ದರು. ದೊಡ್ಡವಳಿಗೆ ಒಂದು ರೇಷ್ಮೆ ಸೀರೆ ಕೊಟ್ಟು ಪಾಲು ಬೇಡವೆಂದು ಸಹಿ ಹಾಕಿಸಿಕೊಂಡದ್ದಾಗಿತ್ತು. ಚಿಕ್ಕವಳು ಬರುವ ವಾರ ಬರುವವಳಿದ್ದಳು. ಅವಳ ಸೀರೆ ಇನ್ನೂ ಅದೇ ಬೀರುವಿನಲ್ಲಿತ್ತು. ಪಂಕ್ತಿಯ ನಡುವೆ ಮಲ್ಲಾಜಮ್ಮ ಎದ್ದದ್ದನ್ನು ಆ ಹಾಲಿನಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಬುಧವಾರದಿಂದ ಹಿಡಿದುಕೊಂಡಿದ್ದ ಬೀಗ ಒಂದೇ ತಿರುವಿಗೆ ಬಿಚ್ಚಿಕೊಂಡಿತು.

"ಕೊಟ್ಟು ಕಳ್ಸು ಕಣ್ಲಾ ಮೊದ್ಲು," ಎಂದರು ಮಗನಿಗೆ, ಕಾರ್ಡುಗಳನ್ನು ನಂದಿತಾಳ ಕೈಗೆ ತುರುಕುತ್ತ. "ಪಾಲು ಅನ್ನೋ ಮಾತು ಈ ಬಾಗ್ಲು ದಾಟಬಾರ್ದು. ಇನ್ಯಾರಿಗಾರ ಬೇಕಾ?"

ಇಪ್ಪತ್ತೆರಡು ಕೈ ಮೇಲೆ ಹೋದವು.

ಗಂಗಾಧರಸ್ವಾಮಿಯವರು ಕೋಡುಬಳೆಯನ್ನು ತಟ್ಟೆಗಿಟ್ಟು ಛತ್ರಿ ಹುಡುಕತೊಡಗಿದರು. ಅವರ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಈ ಕಂಪನಿಯನ್ನು ಮನೆಗಳ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ ಎಂಬುದಕ್ಕೆ ಕಾರಣ ಹುಡುಕುತ್ತಿದ್ದರೆಂದು ಕಾಣುತ್ತದೆ. ನಂದಿತಾ ಎಂಟೂ ಕಾರ್ಡುಗಳನ್ನು ಒಂದೊಂದಾಗಿ ತಿರುವಿ ನೋಡಿ, ಚೀಲಕ್ಕೆ ಹಾಕಿಕೊಂಡು, ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿದಳು.

ನಂಜುಂಡೇಶ್ ಬಾಗಿಲ ತನಕ ಹಿಂದೆಯೇ ಬಂದ. ಅವಳು ಹೋಗುವುದು ಎಲ್ಲಿಗೆಂದು ಕಾಫಿ ಕುಡಿಯುವಾಗ ಮಾವನೇ ಅವನಿಗೆ ಹೇಳಿಬಿಟ್ಟಿದ್ದರು.

"ಹೋಗಮ್ಮ, ಹೋಗು. ಆ ನರಸೀಪುರದ ಆಫೀಸಲ್ಲಿ ನಿನ್ನ ಹೆಸರು ಕೂಡ ಯಾರಿಗೂ ಗೊತ್ತಿರಲ್ಲ."

"ಒಳ್ಳೇದೇ ಆಯ್ತು ಬುಡಿ ಸಾ," ಎಂದಳು ನಂದಿತಾ. "ಹೆಸರು ಗೊತ್ತಿಲ್ದೋರು ಐದೂವರೆಗೆ ಎದ್ದೋಳ್ನ ಕೂಗಿ ಕೂರ್ಸೋದು ಹೆಂಗೆ?"